ಅತ್ತೆಯ ಕಿಟಕಿಗೆ ಅಡ್ಡ ನಿಂತ ಮರ

ಅತ್ತೆಯನ್ನು ಹೊಗಳುವ ಸೊಸೆ ಎಲ್ಲಾದರೂ ಇದ್ದರೆ ಅವಳನ್ನು ಒಂದು ಸಲ ಡಾಕ್ಟರಿಗೆ ತೋರಿಸುವುದು ಒಳ್ಳೆಯದು ಎಂದು ನಂಬಿಕೊಂಡಿದ್ದವಳು ನಾನು. ದಿನಸಿ ಅಂಗಡಿಯ ಗಲ್ಲಾದ ಮೇಲೆ ಕೂತು, ಒಬ್ಬರಿಗೆ ಚಿಲ್ಲರೆ ಕೊಡುತ್ತಲೇ ಇನ್ನೊಬ್ಬರ ಸಾಮಾನು ಕಟ್ಟುವ ನನಗೂ, ಒಂದು ತೂತು ಮುಚ್ಚಲು ಮಧ್ಯಾಹ್ನವಿಡೀ ತಲೆ ಬಗ್ಗಿಸಿ ಕೂರುವ ಅವರಿಗೂ ಹೊಂದಾಣಿಕೆ ಅಷ್ಟಕ್ಕಷ್ಟೇ. ಆದರೂ ಅವರ ವಿಷಯ ಬರೆಯಲೇಬೇಕು. ಕಣ್ಣಾರೆ ಕಂಡದ್ದನ್ನು ಕಾಣಲಿಲ್ಲ ಅನ್ನುವುದು ಹೇಗೆ?

ನಮ್ಮತ್ತೆ ರಫು ಹಾಕುವವರು. ಬೀದಿಗೆಲ್ಲ ಅವರು ‘ರಫು ಅಮ್ಮ’. ಇಲಿ ಕಡಿದ ಶಾಲು, ಕಿಡಿ ಬಿದ್ದ ಪ್ಯಾಂಟು, ಮೊಳೆಗೆ ಸಿಕ್ಕಿ ಹರಿದ ಕೋಟು, ಎಲ್ಲ ನಮ್ಮ ಮನೆಯ ಹಿಂದಿನ ಕೋಣೆಗೆ ಬರುತ್ತವೆ. ತೇಪೆ ಬೇರೆ, ರಫು ಬೇರೆ. ಇವೆರಡನ್ನೂ ಯಾರಾದರೂ ಒಂದೇ ಅಂದುಕೊಂಡು ಮಾತಾಡಿದರೆ ಅತ್ತೆ ಕನ್ನಡಕದ ಮೇಲಿಂದ ಒಂದು ನೋಟ ನೋಡುತ್ತಾರೆ, ಅಂದವರು ಮತ್ತೆ ಆ ಮಾತೆತ್ತುವುದಿಲ್ಲ. ತೇಪೆ ಎಂದರೆ ಹೊರಗಿನ ಬಟ್ಟೆ ತಂದು ತೂತು ಮುಚ್ಚುವುದು. ರಫು ಎಂದರೆ ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿಕೊಂಡು, ಹರಿದ ಜಾಗದಲ್ಲಿ ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ ಹಾಯಿಸುತ್ತಾ ಬಟ್ಟೆಯನ್ನೇ ಮತ್ತೆ ನೇಯುವುದು. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಉಣ್ಣೆಯ ಶಾಲಿಗೆ ಇಸ್ತ್ರಿಪೆಟ್ಟಿಗೆ ತಾಗಿ ಅಂಗೈಯಗಲ ಸುಟ್ಟಿತ್ತು. ಅತ್ತೆ ಅದನ್ನು ತೆಗೆದುಕೊಂಡು ಹೋದರು, ಕೆಲವು ದಿನ ಬಿಟ್ಟು ಮಡಚಿ ತಂದುಕೊಟ್ಟರು. ಎಷ್ಟು ತಿರುಗಿಸಿ ನೋಡಿದರೂ ಸುಟ್ಟ ಜಾಗ ಸಿಗಲಿಲ್ಲ. ಸೊಸೆಯ ಬಾಯಿ ಮುಚ್ಚಿಸಲು ಇಂಥದ್ದೇ ಹೊಸ ಶಾಲು ತಂದಿದ್ದಾರೆ ಎಂದುಕೊಂಡೆ. ಆಮೇಲೆ ಮೂಲೆಯಲ್ಲಿ ನಾನೇ ಚೆಲ್ಲಿಕೊಂಡಿದ್ದ ಹಳೆಯ ಚಹಾದ ಕಲೆ ಕಾಣಿಸಿತು. ಅವತ್ತು ಮೊದಲ ಸಲ ನನಗೆ ಅವರ ಕೈ ಕಂಡು ಸ್ವಲ್ಪ ಹೆದರಿಕೆಯಾಯಿತು.

ಈ ಕೆಲಸಕ್ಕೆ ಬಂಡವಾಳ ಸೂಜಿಯಲ್ಲ, ಬೆಳಕು. ಅದೂ ಹಗಲ ಬೆಳಕು. ಮನೆ ದೀಪದ ಕೆಳಗೆ ಕಪ್ಪೂ ಕಡುನೀಲಿಯೂ ಒಂದೇ ತಾಯಿಯ ಮಕ್ಕಳು. ಹೊರಗೆ ಕೂತರೆ ಗಾಳಿಗೆ ಎಳೆ ಹಾರಿಹೋಗುತ್ತದೆ. ಮುಂದಿನ ಕೋಣೆಗೆ ಎದುರುಗಡೆ ಮಹಡಿ ಕಟ್ಟಡದ ಗೋಡೆ. ಹಾಗಾಗಿ ಉಳಿದದ್ದು ಹಿತ್ತಲಿಗೆ ತೆರೆಯುವ, ಪೂರ್ವದ ಕಡೆಯ ಆ ಒಂದು ಕಿಟಕಿ. ಅಲ್ಲೇ ಅತ್ತೆಯ ಮೊಣಕಾಲೆತ್ತರದ ಮಣೆ, ಅಲ್ಲೇ ಸೂಜಿ ಚುಚ್ಚಿಡುವ ದಿಂಬು, ಅಲ್ಲೇ ಅವರ ಜೀವಮಾನ.

ಮತ್ತು ಆ ಕಿಟಕಿಯ ಎದುರಿಗೇ ಮಾವನವರ ಮರ.

ಮಾವ ಬಸ್ಸಿನ ಡ್ರೈವರಾಗಿದ್ದವರು. ಬಸ್ಸು ಓಡಿಸುವಾಗ ಎಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದರೋ ಮನೆಯಲ್ಲೂ ಅಷ್ಟೇ ಗಟ್ಟಿಯಾಗಿ ಮಾತಾಡುತ್ತಾರೆ. ಪಕ್ಕದಲ್ಲಿ ಕೂತು ನೀರು ಕೇಳಿದರೂ ಬೀದಿಯ ಕೊನೆಯವರು ಲೋಟ ತರಬೇಕು. ದೂರದ ಬೋರ್ಡು ಓದಲಾಗದೆ ಹೋದ ಮೇಲೆ ಅವರನ್ನು ಬಸ್ಸಿನಿಂದ ಇಳಿಸಿ ಡಿಪೋದ ಟೈರು ಕೋಣೆಗೆ ಹಾಕಿದರು. ಹತ್ತಿರದ್ದು ಮಾತ್ರ ಅವರಿಗೆ ಬರಿಗಣ್ಣಿಗೇ ಸ್ಪಷ್ಟ, ಇವತ್ತಿಗೂ ಕನ್ನಡಕ ತೆಗೆದಿಟ್ಟು, ಅಕ್ಕಿಯಲ್ಲಿ ಸಿಕ್ಕ ಹುಳ ಗಂಡೋ ಹೆಣ್ಣೋ ಹೇಳುತ್ತೇನೆ ಎಂದು ಪಂದ್ಯ ಕಟ್ಟುತ್ತಾರೆ. ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಡಿಪೋದ ಗೋಡೆಯ ಬಿರುಕಿನಲ್ಲಿ, ಡೀಸೆಲು ಎಣ್ಣೆಯ ಕೊಚ್ಚೆಯ ಮಧ್ಯೆ ಒಂದು ಸಸಿ ನಗುನಗುತ್ತಾ ನಿಂತಿತ್ತಂತೆ. ಮಣ್ಣಿಲ್ಲ, ನೀರಿಲ್ಲ, ಆದರೂ ಹಸಿರು. ಮಾವನಿಗೆ ಅದು ತುಂಬ ಹಿಡಿಸಿತು. ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ಬಂದು, ಹೊಸ ಹೆಂಡತಿ ಕೂರುವ ಕಿಟಕಿಗೆ ನೆರಳಾಗಲಿ ಎಂದು ಹೊರಗೆ ನೆಟ್ಟರು. ಅದಕ್ಕೆ ಪುಸ್ತಕದಲ್ಲಿ ಏನೋ ದೊಡ್ಡ ಹೆಸರಿದೆ, ದೂರದ ಯಾವುದೋ ದೇಶದಿಂದ ಬಂದದ್ದಂತೆ. ನಮ್ಮ ಮನೆಯಲ್ಲಿ ಅದು ಡಿಪೋ ಮರ.

ಅದು ಬೆಳೆದದ್ದನ್ನು ಏನು ಹೇಳಲಿ! ಗೊಬ್ಬರ ಕೇಳಲಿಲ್ಲ, ನೀರು ಕೇಳಲಿಲ್ಲ, ಬಿಸಿಲು ಬಂದರೂ ಬೆಳೆಯಿತು, ಬರದಿದ್ದರೂ ಬೆಳೆಯಿತು. ಅದರ ಬುಡದಲ್ಲಿ ಬೇರೆ ಯಾವ ಗಿಡವೂ ಬದುಕಲಿಲ್ಲ. ಎಲೆ ಹಿಸುಕಿದರೆ ಕೆಟ್ಟ ಎಣ್ಣೆಯ ವಾಸನೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅದು ಹೆಂಚು ದಾಟಿ, ಕಿಟಕಿಯನ್ನು ಎಲೆಯಿಂದ ತುಂಬಿಬಿಟ್ಟಿತ್ತು. “ನೋಡು, ನಾನು ನೆಟ್ಟಿದ್ದು!” ಎಂದು ಮಾವ ಬಂದವರಿಗೆಲ್ಲ ತೋರಿಸುತ್ತಿದ್ದರು. ಅತ್ತೆ ಒಳಗೆ ಮಣೆಯನ್ನು ವರ್ಷಕ್ಕೊಂದು ಗೇಣು ಕಿಟಕಿಯ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಕೊನೆಗೆ ಮಣೆ ಗೋಡೆಗೆ ತಾಗಿತು, ಇನ್ನು ಸರಿಯಲು ಜಾಗವಿರಲಿಲ್ಲ.

ಅತ್ತೆ ಗಂಡನ ಮರದ ಬಗ್ಗೆ ಒಂದು ದಿನವೂ ದೂರಿದವರಲ್ಲ. ಮಾತು ಬಂದದ್ದು ಒಂದು ಕೋಟಿನಿಂದ. ನಮ್ಮ ಬೀದಿಯ ಆಚೆ ಪಿಟೀಲು ನುಡಿಸುವವರೊಬ್ಬರಿದ್ದಾರೆ. ಸಭೆಗೆ ಹಾಕಿಕೊಳ್ಳುವ ಅವರ ಕಪ್ಪು ಕೋಟಿನ ಮೊಣಕೈ ಸವೆದು ಹರಿದಿತ್ತು. ಅತ್ತೆ ರಫು ಹಾಕಿಕೊಟ್ಟರು. ಸ್ವಲ್ಪ ದಿನಕ್ಕೆ ಅವರು ಕೋಟನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು, ತಾನೇ ತಪ್ಪು ಮಾಡಿದವರ ಹಾಗೆ ಬಾಗಿಲಲ್ಲಿ ನಿಂತರು.

“ಅಮ್ಮಾ, ಬೇಜಾರು ಮಾಡ್ಕೋಬೇಡಿ. ವೇದಿಕೆಯ ಜೋರು ದೀಪದಲ್ಲಿ ಮೊಣಕೈ ಹತ್ರ ಒಂದು ನೀಲಿ ಮಚ್ಚೆ ಕಾಣ್ಸುತ್ತೆ ಅಂದ್ರು. ನಂಗೇನೂ ಕಾಣ್ಸಲ್ಲ, ಆದ್ರೂ...”

ಅತ್ತೆ ಕೋಟನ್ನು ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದರು. ಒಳಮಡಿಕೆಯ ಎಳೆ ಸಾಲದೆ ಬೇರೆ ಉಂಡೆಯಿಂದ ತೆಗೆದ ದಾರ ಕಡುನೀಲಿಯಾಗಿತ್ತು. ಅವರು ಮಾಡಿಕೊಟ್ಟ ಕೆಲಸ ಬಾಗಿಲಿಗೆ ವಾಪಸು ಬಂದದ್ದು ಅದೇ ಮೊದಲು. ಅವರ ಮುಖ ನಾನು ನೋಡಿದೆ, ನೋಡಬಾರದಿತ್ತು ಅನ್ನಿಸಿತು. “ಬೆಳಕು ಸರಿಯಾದ್ಮೇಲೆ ಮಾಡ್ಕೊಡ್ತೀನಿ, ಇದು ಇಲ್ಲೇ ಇರ್ಲಿ,” ಎಂದು ಹೇಳಿ ಅವರು ಕೋಟನ್ನು ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿದರು.

ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಕಣ್ಣಿಗೆ ವಯಸ್ಸಾಗಿದೆ, ಒಳ್ಳೆಯ ಹಗಲ ಬೆಳಕಿದ್ದರೆ ಈ ಕೆಲಸ ಇನ್ನೂ ಕೆಲವು ವರ್ಷ ಮಾಡಬಹುದು, ಕತ್ತಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ಮಾಡುವುದಾದರೆ ಈಗಲೇ ಬಿಡುವುದು ವಾಸಿ ಎಂದರು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಅತ್ತೆ, “ಸೂಜಿ ಹಿಡೀದೆ ಇದ್ರೆ ನಾನು ಬೆಳಿಗ್ಗೆ ಎದ್ದು ಏನ್ ಮಾಡ್ಬೇಕು ಹೇಳು,” ಎಂದು ಕೇಳಿದರು. ನಾನು ಬೀಗದ ಕೈ ಹುಡುಕುವವಳ ಹಾಗೆ ಚೀಲದಲ್ಲಿ ಕೈಯಾಡಿಸಿದೆ.

ಈ ಮಾತು ಒಳಗಿದ್ದ ಮಾವನ ಕಿವಿಗೆ ಬಿತ್ತು. ಅತ್ತೆ ತಂಗಿಯ ಮನೆಗೆಂದು ಹೋದ ವಾರದಲ್ಲಿ ಮಾವ ಯಂತ್ರದ ಗರಗಸದವನನ್ನು ಕರೆಸಿ, ತಾನು ಡಬ್ಬಿಯಲ್ಲಿ ತಂದಿದ್ದ ಮರವನ್ನು ತಾನೇ ನಿಂತು ಕಡಿಸಿದರು. ಗರಗಸ ಶುರುವಾದಾಗ ಮಾತ್ರ ಬೀದಿಗೆ ಹೋಗಿ ನಿಂತು, ಖಾಲಿ ರಸ್ತೆಯನ್ನು ನೋಡುತ್ತಿದ್ದರು.

ಅತ್ತೆ ಬಂದು ಕೋಣೆಯ ಬಾಗಿಲು ತೆಗೆದರು. ಮಣೆಯ ಮೇಲೆ, ದಿಂಬಿನ ಮೇಲೆ, ಮೊಳೆಯ ಕೋಟಿನ ಮೇಲೆ ಬೆಳಕು ಬಿದ್ದಿತ್ತು. “ಏನ್ರೀ ಇದು,” ಎಂದಷ್ಟೇ ಅಂದು ಅಲ್ಲೇ ಕೂತುಬಿಟ್ಟರು. ಮಾವ ಹಿತ್ತಲಿನ ಬೊಡ್ಡೆಯ ಮೇಲೆ ಕಾಲಿಟ್ಟು, ಫೋಟೋ ತೆಗೆಸಿಕೊಳ್ಳುವವರಂತೆ ನಿಂತಿದ್ದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅತ್ತೆ ಬಾಕಿಯ ಸಣ್ಣಪುಟ್ಟ ಕೆಲಸ ಮುಗಿಸಿ ಇನ್ನೇನು ಕೋಟಿಗೆ ಕೈಹಾಕಬೇಕು ಅನ್ನುವಷ್ಟರಲ್ಲಿ, ಬೊಡ್ಡೆಯ ಸುತ್ತ ಕೆಂಪು ಚಿಗುರು ಎದ್ದು, ನೋಡುನೋಡುತ್ತಲೇ ಕಿಟಕಿಯೆತ್ತರಕ್ಕೆ ಬಂತು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ. ಆಮೇಲೆ ಬಚ್ಚಲಿನ ಹೊರಗೆ. ಗೋಡೆ ದಾಟಿ, ಪಕ್ಕದ ಮನೆಯ ನಿವೃತ್ತ ಗುಮಾಸ್ತರ ಕಾರು ಶೆಡ್ಡಿನ ನೆಲ ಸೀಳಿಕೊಂಡು ಒಂದು. ಮಾವ ಮಚ್ಚು ಮಸೆದು ಎಲ್ಲವನ್ನೂ ಕಡಿದರು. ಒಂದು ಕಡಿದ ಜಾಗದಲ್ಲಿ ಗುಂಪು ಎದ್ದಿತು. ಮಚ್ಚು ಹರಿತವಾದಷ್ಟೂ ಮರಕ್ಕೆ ಉಮೇದು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ, ಒಂದು ಮರ ನಿಂತಿದ್ದ ಕಡೆ ಕಾಡು ನಿಂತಿತ್ತು, ಕಿಟಕಿ ಹಿಂದಿಗಿಂತ ಕಪ್ಪಾಗಿತ್ತು. ಒಂದು ಬೆಳಿಗ್ಗೆ ಅತ್ತೆಯ ಕೋಣೆಯ ಒಳಗೇ, ಮಣೆಯ ಪಕ್ಕದಲ್ಲಿ, ಎರಡು ನೆಲಗಲ್ಲುಗಳ ಸಂದಿಯಿಂದ ಒಂದು ಚಿಗುರು ಇಣುಕುತ್ತಿತ್ತು.

“ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂತು ನೋಡಿ!” ಎಂದೆ ನಾನು. ಮಾವ ನಗಲಿಲ್ಲ. ಮಚ್ಚು ತರಲು ಹೊರಟರು.

“ತಡೀರಿ,” ಎಂದರು ಅತ್ತೆ. “ಅದನ್ನ ಮುಟ್ಬೇಡಿ.”

ಅವರು ನೆಲಕ್ಕೆ ಕೂತು, ಆ ಚಿಗುರನ್ನು ಹರಿದ ಬಟ್ಟೆ ನೋಡುವ ಹಾಗೆ ನೋಡಿದರು. ಆಮೇಲೆ ನನ್ನ ಗಂಡನಿಂದ ಒಂದು ನೆಲಗಲ್ಲು ಎಬ್ಬಿಸಿದರು. ಒಂದು ಹಳೆಯ ಚಮಚ, ಒಂದು ಮೊಂಡು ದಬ್ಬಳ ತೆಗೆದುಕೊಂಡು ಮಣ್ಣು ಕೆರೆಯತೊಡಗಿದರು. ಚಿಗುರಿನ ಕೆಳಗೆ ಬೇರು, ಬೆರಳಿನಷ್ಟು ದಪ್ಪ. ಅದನ್ನು ಎಳೆಯಲಿಲ್ಲ, ಕತ್ತರಿಸಲಿಲ್ಲ, ಅದು ಹೋದ ಕಡೆ ಇವರೂ ಹೋದರು. ಬೇರು ಗೋಡೆಯ ಅಡಿಯಲ್ಲಿ ನುಗ್ಗಿತ್ತು. ಅತ್ತೆ ಎದ್ದು ಸುತ್ತಿ ಬಂದು ಹೊರಗಿನಿಂದ ಕೆರೆದರು. ದಿನವೂ ನಾನು ಅಂಗಡಿಯಿಂದ ಬರುವಾಗ ಅವರು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು.

“ಅತ್ತೆ, ಎಲ್ಲಾನೂ ಹೀಗೇ ಅಗೀತೀರಾ? ನನ್ನ ಮಗಳ ಮದ್ವೆ ಹೊತ್ತಿಗಾದ್ರೂ ಮುಗಿಯುತ್ತಾ?” ನನ್ನ ಮಗಳು ಆಗಿನ್ನೂ ಅ ಆ ತಿದ್ದುತ್ತಿದ್ದಳು.

“ನಿನ್ನ ಗಲ್ಲಾ ಅಲ್ಲ ಕಣೇ ಇದು. ಎಳೆ ಎಲ್ಲಿಂದ ಬಂತು ಅಂತ ನೋಡ್ದೆ ಎಳೆದ್ರೆ, ಇರೋ ಬಟ್ಟೇನೂ ಹಾಳಾಗುತ್ತೆ.”

ಒಂದು ಸಂಜೆ ಹಿತ್ತಲ ಬಾಗಿಲು ತೆಗೆದವಳು ಹಾಗೇ ನಿಂತೆ. ಅತ್ತೆ ಪ್ರತಿ ಕಾಂಡಕ್ಕೂ ಒಂದೊಂದು ಬಿಳಿಯ ದಾರ ಕಟ್ಟಿ, ಅದರ ಬೇರು ಹೋದ ದಾರಿಯಲ್ಲೇ ನೆಲದ ಮೇಲೆ ಹಾಸಿಕೊಂಡು ಬಂದಿದ್ದರು. ಒಗೆಯುವ ಕಲ್ಲಿನಿಂದ ಒಂದು ದಾರ, ಬಚ್ಚಲಿನಿಂದ ಒಂದು, ಗುಮಾಸ್ತರ ಗೋಡೆಯಿಂದ ಒಂದು, ಕೋಣೆಯೊಳಗಿಂದ ಕಿಟಕಿ ಹಾರಿ ಬಂದದ್ದು ಒಂದು. ಹಿತ್ತಲಿನ ಅಷ್ಟೂ ದಾರ ಒಂದೇ ಕಡೆ ಬಂದು ಸೇರಿತ್ತು: ಮಾವ ಕಡಿಸಿದ ಬೊಡ್ಡೆಗೆ. ನಾವು ಕಾಡು ಎಂದುಕೊಂಡದ್ದು ಕಾಡಾಗಿರಲಿಲ್ಲ.

“ಇದೆಲ್ಲ ಒಂದೇ ಮರ,” ಎಂದರು ಅತ್ತೆ, ಸೊಂಟ ಹಿಡಿದುಕೊಂಡು ಏಳುತ್ತಾ. “ನಾವು ತಲೆ ಕಡಿದ್ವಿ. ಅದಕ್ಕೆ ಗೊತ್ತಾಗ್ಲೇ ಇಲ್ಲ.”

ಮಾವ ಕನ್ನಡಕ ತೆಗೆದು ಒಂದು ದಾರದ ಗುಂಟ ಬಗ್ಗಿಕೊಂಡು ಕೊನೆಯವರೆಗೂ ಹೋದರು, ಇನ್ನೊಂದರ ಗುಂಟ ವಾಪಸು ಬಂದರು. ನಾವು ಓಡಾಡುತ್ತಿದ್ದ, ಬಟ್ಟೆ ಒಣಹಾಕುತ್ತಿದ್ದ, ಮಗು ಆಡುತ್ತಿದ್ದ ನೆಲದ ಕೆಳಗೆ ಒಂದೇ ಒಂದು ಜೀವ ಇಷ್ಟಗಲ ಕೈಚಾಚಿ ಮಲಗಿತ್ತು ಎಂಬುದನ್ನು ನೆನೆಸಿಕೊಂಡು, ನನಗೆ ಕಾಲಿಡಲೂ ಅಳುಕಾಯಿತು. ಇದೂ ಒಂದು ಕಾಲಕ್ಕೆ ಊಟದ ಡಬ್ಬಿಯಲ್ಲಿ ಹಿಡಿಸಿದ ಸಸಿಯೇ ಅಂತೆ!

ಊರಾಚೆ ಸಸಿ ಮಾರುವ ಹೆಂಗಸೊಬ್ಬರಿದ್ದಾರೆ. ಒಂದು ಕೊಂಬೆ ಮುರಿದುಕೊಂಡು ಹೋಗಿ ಅವರಿಗೆ ತೋರಿಸಿದೆವು. ಅವರು ಎಲೆ ಹಿಸುಕಿ ಮೂಸಿ ಮುಖ ಸಿಂಡರಿಸಿ, “ಅಯ್ಯೋ, ಇವನಾ?” ಎಂದರು, ಹಳೆಯ ಕಳ್ಳನ ಗುರುತು ಹಿಡಿದವರ ಹಾಗೆ. ದಾರಿ ಒಂದೇ ಅಂತೆ. ಕಡಿಯಬಾರದು. ಮಳೆ ನಿಂತು ಎಲೆ ಉದುರುವ ಮುಂಚೆ, ಮರ ತನ್ನ ಆಹಾರವನ್ನೆಲ್ಲ ಬೇರಿಗೆ ಇಳಿಸಿಕೊಳ್ಳುವ ಕಾಲವೊಂದಿದೆ. ಆಗ ಸೊಂಟದೆತ್ತರದಲ್ಲಿ ಕಾಂಡದ ಸುತ್ತಲೂ ಬಿಡಿಬಿಡಿಯಾಗಿ ಗಾಯ ಮಾಡಿ, ಗಾಯಕ್ಕೆ ಕಳೆ ಕೊಲ್ಲುವ ಔಷಧಿ ತುಂಬಬೇಕು. ಮರವೇ ಅದನ್ನು ಕೆಳಗೆ ಹೊತ್ತುಕೊಂಡು ಹೋಗುತ್ತದೆ. ಒಂದು ಗಾಯಕ್ಕೂ ಇನ್ನೊಂದಕ್ಕೂ ನಡುವೆ ಒಳ್ಳೆಯ ತೊಗಟೆ ಬಿಡಬೇಕು, ಇಲ್ಲದಿದ್ದರೆ ಔಷಧಿ ಇಳಿಯಲು ದಾರಿಯೇ ಇರುವುದಿಲ್ಲ. ಆಮೇಲೆ ಮುಂದಿನ ಚಿಗುರುಕಾಲದವರೆಗೆ ಕೈಕಟ್ಟಿ ಕೂರಬೇಕು. ನಡುವೆ ಕೊಡಲಿ ಹಾಕಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

“ಚಿಗುರುಕಾಲದವರೆಗಾ?” ಎಂದು ನಾನು ಬಾಯಿ ಬಿಟ್ಟೆ. ಅಷ್ಟು ದಿನ ಆ ಕಾಡು ಕಿಟಕಿಗೆ ಅಡ್ಡ ನಿಂತೇ ಇರಬೇಕು. ಡಾಕ್ಟರು ಕೆಲವು ವರ್ಷ ಎಂದದ್ದರಲ್ಲಿ ಆಗಲೇ ಎರಡು ಕರಗಿತ್ತು. ಅತ್ತೆ ಮಾತ್ರ ಮಧ್ಯೆ ಒಳ್ಳೆಯ ತೊಗಟೆ ಬಿಡುವ ಮಾತಿಗೆ ತಲೆಯಾಡಿಸುತ್ತಿದ್ದರು. ಅದು ಅವರಿಗೆ ಹೊಸ ಪಾಠವಾಗಿರಲಿಲ್ಲ. ಸುತ್ತಲಿನ ಗಟ್ಟಿ ಎಳೆ ಉಳಿಸಿಕೊಳ್ಳದೆ ಯಾರೂ ರಫು ಹಾಕಲಾರರು.

ಆ ಕೆಲಸ ನಡೆದದ್ದು ನಮ್ಮ ಮನೆಯವರಿಗೆ ಮಾತ್ರ ಸಾಧ್ಯವಾಗುವ ರೀತಿಯಲ್ಲಿ. ಅತ್ತೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಪ್ರತಿ ಕಾಂಡದ ಮೇಲೂ ಗಾಯದ ಜಾಗ ಬರೆದರು. ಮಾವ ಉಳಿ ಸುತ್ತಿಗೆ ಹಿಡಿದು, ಬರೆದಷ್ಟೇ ಕೆತ್ತಿದರು. ಔಷಧಿಯನ್ನು ಅತ್ತೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವ ಉದ್ದ ಮೂತಿಯ ಡಬ್ಬಿಯಲ್ಲಿ ತುಂಬಿಕೊಂಡು, ಪಾತ್ರೆ ತೊಳೆಯುವ ರಬ್ಬರು ಕೈಗವಸು ಹಾಕಿಕೊಂಡು, ಗಾಯಕ್ಕೆ ತೊಟ್ಟುತೊಟ್ಟಾಗಿ ಬಿಟ್ಟರು. ಒಂದು ತೊಟ್ಟೂ ನೆಲಕ್ಕೆ ಬೀಳಲಿಲ್ಲ. ಮಾವನಿಗೆ ಗೀಟಿನೊಳಗೆ ನಿಲ್ಲುವುದೇ ಕಷ್ಟ. “ಇಷ್ಟು ಮಾಡಿದ್ಮೇಲೆ ಪೂರ್ತಿ ಸುತ್ತ ಕೆತ್ತಿಬಿಡೋಣ್ವಾ?” ಎಂದು ಪ್ರತಿ ಕಾಂಡಕ್ಕೂ ಕೇಳಿದರು. “ಬರೆದಷ್ಟೇ,” ಎಂದು ಪ್ರತಿ ಕಾಂಡಕ್ಕೂ ಅತ್ತೆ ಹೇಳಿದರು. ಗುಮಾಸ್ತರು ಗೋಡೆಯ ಮೇಲಿಂದ ಇಣುಕಿ, ತಮ್ಮ ಶೆಡ್ಡಿನದಕ್ಕೂ ಏನಾದರೂ ಮಾಡಿ ಎಂದು ಗೋಗರೆದರು.

“ನಿಮ್ಮದನ್ನ ಮುಟ್ಟೋದು ಬೇಡ,” ಎಂದರು ಅತ್ತೆ. “ಅದು ನಿಮ್ಮದಲ್ಲ, ನಮ್ಮದೇ. ಹೋಗೋದಿದ್ರೆ ಇದರ ಜೊತೆ ಹೋಗುತ್ತೆ.”

ಗುಮಾಸ್ತರು ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ.

ಆಮೇಲೆ ಕಾಯುವುದು. ಅವಸರವಿಲ್ಲ ಎಂದು ಪಿಟೀಲಿನವರು ಬಿಟ್ಟಿದ್ದ ಕೋಟೊಂದನ್ನು ಉಳಿಸಿಕೊಂಡು ಅತ್ತೆ ಬಂದ ಕೆಲಸವನ್ನೆಲ್ಲ ವಾಪಸು ಕಳಿಸಿದರು. ಸೂಜಿಗಳಿಗೆ ತುಕ್ಕು ಹಿಡಿಯದಂತೆ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟರು. ಬೆಳಿಗ್ಗೆ ಎದ್ದು, ಕತ್ತಲ ಕೋಣೆಯಲ್ಲಿ ಮಣೆಯ ಮೇಲೆ ಸುಮ್ಮನೆ ಕೂರುತ್ತಿದ್ದರು. ಆ ಕೈಗಳು ಮಡಿಲಲ್ಲಿ ಕೆಲಸವಿಲ್ಲದೆ ಬಿದ್ದಿರುವುದನ್ನು ನೋಡಲಾಗುತ್ತಿರಲಿಲ್ಲ. ನಾನೇ ಬೇಕೆಂದು ಒಂದು ದಿಂಬಿನ ಚೀಲ ಹರಿದು ತಂದುಕೊಟ್ಟೆ. ಅವರು ಹರಿದ ಅಂಚು ನೋಡಿ, “ಹೊಸಾ ಹರಕು, ಕತ್ತರೀದು,” ಎಂದು ವಾಪಸು ಕೊಟ್ಟರು.

ಮಾವನಿಗೆ ಅದನ್ನು ನನಗಿಂತ ಹೆಚ್ಚು ನೋಡಲಾಗಲಿಲ್ಲ. ಎಲೆ ಹಳದಿಯಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಅವರು ಗರಗಸದವನನ್ನು ಬಾಗಿಲಿಗೇ ಕರೆತಂದರು. “ಸಾಕು ಇದು! ಕಿಟಕಿ ಮುಂದಿನ ನಾಲ್ಕೇ ನಾಲ್ಕು ಕಡಿಸ್ತೀನಿ. ಇವ್ಳು ಹೀಗೆ ಕೂತಿರೋದು ನೋಡಕ್ಕಾಗಲ್ಲ ನಂಗೆ. ಬೆಳಕು ಕೊಡ್ತೀನಿ ಅವ್ಳಿಗೆ!”

ಅತ್ತೆ ಹೊರಗೆ ಬಂದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ನೀವು ಒಂದ್ಸಲ ಬೆಳಕು ಕೊಟ್ಟಿದ್ದು ಸಾಕು!”

ಗರಗಸದವನು ಜಾಣ, ಕಾಲು ಕಿತ್ತ. ಅತ್ತೆಗೆ ತಾನು ಅಂದ ಮಾತು ಕೇಳಿಸಿತೇನೋ, ಮಾವನ ಹತ್ತಿರ ಹೋಗಿ ಮೆಲ್ಲಗೆ, “ನನಗೋಸ್ಕರ ಅಂತ ಗೊತ್ತು. ನೆಟ್ಟಿದ್ದೂ ನನಗೋಸ್ಕರ, ಕಡಿದಿದ್ದೂ ನನಗೋಸ್ಕರ. ಈಗ ನನಗೋಸ್ಕರ ಸುಮ್ನಿರಿ,” ಎಂದರು.

ಆ ದಿನದಿಂದ ಮಾವನೇ ಕಾಡಿಗೆ ಕಾವಲು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೊಡ್ಡೆಯ ಮೇಲೆ ಕೂತಿರುತ್ತಿದ್ದರು. ನನ್ನ ಗಂಡ ಬಟ್ಟೆ ಹಗ್ಗ ಕಟ್ಟಲು ಒಂದು ರೆಂಬೆ ಬಗ್ಗಿಸಿದರೂ, “ಏಯ್, ಮುಟ್ಬೇಡ ಅದನ್ನ!” ಎಂದು ಬೀದಿಗೆಲ್ಲ ಕೇಳುವಂತೆ ಗದರುತ್ತಿದ್ದರು.

ಎಲೆ ಉದುರಿತು. ಅದರಲ್ಲಿ ಹೆಚ್ಚೇನೂ ಇರಲಿಲ್ಲ, ಬೀದಿಯ ಮರಗಳ ಎಲೆಯೂ ಉದುರಿತ್ತು. ಔಷಧಿಯೋ ಋತುವೋ, ಹೇಳುವವರು ಯಾರು? ಬೋಳು ರೆಂಬೆಗಳ ಸಂದಿಯಿಂದ ಒಳಗೆ ಅರೆಬರೆ ಬೆಳಕು ಬರತೊಡಗಿತು. ಅತ್ತೆ ಕೋಟಿನತ್ತ ಕೈ ಚಾಚಲಿಲ್ಲ. ಅರೆಬರೆ ಬೆಳಕೇ ತನಗೆ ಒಮ್ಮೆ ಮೋಸ ಮಾಡಿದ್ದು ಎಂದರು.

ಚಿಗುರುಕಾಲ ಬಂತು. ಬೀದಿಯ ಮರಗಳಲ್ಲಿ ಮೊದಲು ಕೆಂಪು, ಆಮೇಲೆ ಎಳೆಹಸಿರು. ಗುಮಾಸ್ತರ ಬೇಲಿಯ ಬಳ್ಳಿ ಕೂಡ ಮೊಗ್ಗು ಬಿಟ್ಟಿತು. ನಾನು ದಿನವೂ ಅಂಗಡಿಗೆ ಹೋಗುವ ಮುಂಚೆ ಹಿತ್ತಲಿಗೆ ಹೋಗಿ ಒಂದೊಂದು ಕಾಂಡದ ತುದಿ ನೋಡುತ್ತಿದ್ದೆ. ಏನೂ ಇಲ್ಲ. ಮತ್ತೆ ಏನೂ ಇಲ್ಲ. ಊರೆಲ್ಲ ಹಸಿರಾದರೂ ನಮ್ಮ ಹಿತ್ತಲು ಮಾತ್ರ ಮಾತಾಡದೆ ನಿಂತಿತ್ತು. ಒಂದು ಬೆಳಿಗ್ಗೆ ಅತ್ತೆ ಬಂದು ಉಗುರಿನಿಂದ ತೊಗಟೆ ಕೆರೆದರು. ಒಳಗೆ ಹಸಿರಿರಲಿಲ್ಲ, ಒಣಗಿದ ಕಂದು. ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಅಷ್ಟರಲ್ಲಿ ಗೋಡೆಯ ಆಚೆಯಿಂದ ಗುಮಾಸ್ತರ ದನಿ ಕೇಳಿಸಿತು. “ಅಮ್ಮಾ... ನಮ್ಮ ಶೆಡ್ಡಿಂದೂ ಒಣಗಿದೆ. ಕೈಯಲ್ಲಿ ಹಿಡಿದ್ರೆ ಪಟ್ ಅಂತ ಮುರೀತು. ನಾನು ಒಂದು ತೊಟ್ಟೂ ಹಾಕಿಲ್ಲ ಅಮ್ಮಾ!”

ಯಾರೂ ಮುಟ್ಟದ ಆ ಕಾಂಡ, ಗೋಡೆಯ ಆಚೆ, ಸಿಮೆಂಟಿನ ಒಳಗೆ! ನನಗೆ ಕೈಮುಗಿಯಬೇಕು ಅನ್ನಿಸಿತು, ಆದರೆ ಯಾರಿಗೆ ಎಂದು ತಿಳಿಯಲಿಲ್ಲ. ಅಷ್ಟಗಲ ಹಬ್ಬಿ, ಕಡಿದಷ್ಟೂ ಎದ್ದು, ನಮ್ಮನ್ನೆಲ್ಲ ಆಟವಾಡಿಸಿದ ಆ ಮರಕ್ಕೋ, ಅಥವಾ ಎಣ್ಣೆ ಡಬ್ಬಿ ಹಿಡಿದು ಅದನ್ನು ಮೀರಿ ಕಾದು ಕೂತ ಈ ಹೆಂಗಸಿಗೋ? ಅತ್ತೆ ಬೊಡ್ಡೆಯ ಮೇಲೆ ಅಂಗೈ ಇಟ್ಟು, “ಪಾಪ, ನಿನ್ನ ತಪ್ಪೇನಿಲ್ಲ. ಬೆಳೆಯೋದೊಂದೇ ಗೊತ್ತಿತ್ತು ನಿಂಗೆ,” ಎಂದರು. ಮಾವ ಮೂಗು ಸೀಟುತ್ತಾ ಒಳಗೆ ಹೋದರು.

ಗರಗಸದವನು ಬಂದು ಕಾಡನ್ನೆಲ್ಲ ಇಳಿಸಿದ. ಕಿಟಕಿಯ ಮುಂದಿನ ಕೊನೆಯ ಕಾಂಡ ಬಿದ್ದಾಗ ನಾನು ಕೋಣೆಯ ಒಳಗಿದ್ದೆ. ಬೆಳಕು ಒಮ್ಮೆಗೇ ಒಳಗೆ ನುಗ್ಗಿತು. ಜೇಡರ ಬಲೆ, ಗೋಡೆಯ ತೇವದ ಕಲೆ, ಮಣೆಯ ಕಾಲು ಸವೆದ ಗೆರೆ, ಎಲ್ಲ ಕಂಡವು. ಅತ್ತೆಯ ಮುಖವೂ ಕಂಡಿತು. ಇಷ್ಟು ವರ್ಷ ಈ ಕೋಣೆಯಲ್ಲಿ ಅವರ ಮುಖವನ್ನು ನಾನು ಸರಿಯಾದ ಬೆಳಕಲ್ಲಿ ನೋಡೇ ಇರಲಿಲ್ಲ. ಕಣ್ಣಿನ ಸುತ್ತ ಎಷ್ಟೊಂದು ಗೆರೆ! ಮೊದಲ ಸಲ ಕಡಿದಾಗ ಬಂದ ಬೆಳಕಿನಲ್ಲಿ ಅವರ ಮುಖ ನೋಡಲು ನನಗೆ ಪುರುಸೊತ್ತೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಕೋಟನ್ನು ಮೊಳೆಯಿಂದ ತೆಗೆದು ಧೂಳು ಕೊಡವಿ ಮಡಿಲಲ್ಲಿ ಹಾಸಿಕೊಂಡರು. ನಾನು ಅಂಗಡಿಗೆ ರಜೆ ಹೇಳಿದ್ದೆ, ತಲೆನೋವು ಎಂದು. ನೀಲಿ ಎಳೆಗಳನ್ನು ಒಂದೊಂದಾಗಿ ಬಿಡಿಸಿದರು. ಜೇಬಿನ ಒಳಮಡಿಕೆ ಬಿಚ್ಚಿ, ಇನ್ನೂ ಉಳಿದಿದ್ದ ಅಸಲು ಕಪ್ಪು ಎಳೆ ತೆಗೆದರು. ಅದು ಕೂದಲಿಗಿಂತ ಸಣ್ಣ. ತುದಿಯನ್ನು ತುಟಿಗೆ ಒತ್ತಿ, ಸೂಜಿಯನ್ನು ಬೆಳಕಿಗೆ ಹಿಡಿದು ಪೋಣಿಸಿದರು. ಎಳೆ ಸೂಜಿಯ ಕಣ್ಣಿನ ಪಕ್ಕದಲ್ಲಿ ಹೋಯಿತು. ಮತ್ತೆ ಪೋಣಿಸಿದರು. ಮತ್ತೆ ಪಕ್ಕದಲ್ಲಿ. ಕೈ ನಡುಗುತ್ತಿರಲಿಲ್ಲ. ಮಾಡುತ್ತಲೇ ಹೋದರು, ಎಳೆಯ ತುದಿ ಸೀಳಿತು.

ಕೈ ಮಡಿಲಿಗೆ ಇಳಿಯಿತು. “ಬಟ್ಟೆ ಕಾಣುತ್ತೆ. ಎಳೆ ಎಳೆಯಾಗಿ ಕಾಣುತ್ತೆ. ಸೂಜಿ ಕಣ್ಣು ಮಾತ್ರ ಕಾಣ್ತಿಲ್ಲ ಕಣೇ. ಬೆಳಕು ಬರೋ ಹೊತ್ತಿಗೆ...” ಎಂದು ನಿಲ್ಲಿಸಿದರು.

“ಕೊಡಿ, ನಾನು ಪೋಣಿಸ್ತೀನಿ,” ಎಂದು ಹೋಗಿ, ಅವಸರದ ಕೈಯಲ್ಲಿ ಆ ಅಸಲು ಎಳೆಯನ್ನೂ ತುಂಡು ಮಾಡಿದೆ. ಮಡಿಕೆಯಲ್ಲಿ ಉಳಿದದ್ದೇ ಕೆಲವು ಎಳೆ. ನನಗೆ ಅಳು ಬಂತು. ಆ ಕಾದ ದಿನಗಳೆಲ್ಲ, ಆ ಚಮಚ, ಆ ದಾರಗಳು ಎಲ್ಲ ಈ ಸೂಜಿಯ ತೂತಿನ ಮುಂದೆ ಬಂದು ನಿಂತುಬಿಟ್ಟವು.

ಆಗ ಕಿಟಕಿಯ ಸರಳುಗಳ ನಡುವಿನಿಂದ ಒಂದು ಒರಟು ಕೈ ಒಳಗೆ ಬಂತು. ಹೊರಗೆ ಬೊಡ್ಡೆಯ ಮೇಲೆ ಮಾವ.

“ಕೊಡು ಇಲ್ಲಿ,” ಎಂದರು. ಗಟ್ಟಿಯಾಗಿ ಹೇಳಲಿಲ್ಲ.

ಅತ್ತೆ ಸೂಜಿಯನ್ನೂ ಒಂದು ಎಳೆಯನ್ನೂ ಆ ಅಂಗೈಯಲ್ಲಿಟ್ಟರು. ಮಾವ ಕನ್ನಡಕ ತೆಗೆದು ಜೇಬಿಗೆ ಹಾಕಿ, ಸೂಜಿಯನ್ನು ಮೂಗಿನ ತುದಿಗೆ ತಂದುಕೊಂಡರು. ಸ್ಟೇರಿಂಗು ತಿರುಗಿಸಿ ಗಂಟುಕಟ್ಟಿದ ಆ ಬೆರಳುಗಳು ಎಳೆಯನ್ನು ಒಂದೇ ಸಲಕ್ಕೆ ಸೂಜಿಯ ಕಣ್ಣಿನಲ್ಲಿ ದಾಟಿಸಿದವು. ಸರಳುಗಳ ನಡುವೆ ಸೂಜಿ ಒಳಗೆ ಬಂತು. ಅತ್ತೆ ಕೋಟಿನ ಮೇಲೆ ತಲೆ ಬಗ್ಗಿಸಿದರು. ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ. ನಾನು ಬಾಗಿಲಿಗೆ ಒರಗಿ ನಿಂತೇ ಇದ್ದೆ, ಕಾಲು ನೋಯುತ್ತಿರುವುದು ತಿಳಿಯಲಿಲ್ಲ.

ಪಿಟೀಲಿನವರು ಬಂದು ಕೋಟನ್ನು ಬಿಸಿಲಲ್ಲಿ ಹಿಡಿದು ಎರಡೂ ತೋಳು ತಿರುಗಿಸಿ ನೋಡಿದರು. ಬೆರಳಾಡಿಸಿದರು. ಕೊನೆಗೆ, “ಯಾವ ತೋಳು ಅಮ್ಮಾ ಹರಿದಿದ್ದು?” ಎಂದು ಕೇಳಿದರು. ಅತ್ತೆ, “ಮರ್ತುಹೋಯ್ತು,” ಎಂದರು. ಮಾವನ ಬಾಯಿ ಸುಮ್ಮನಿರಬೇಕಲ್ಲ, ಹಿತ್ತಲಿನಿಂದ, “ಎಡಗಡೇದು!” ಎಂದು ಕೂಗಿದರು.

ಈಗ ಇದೇ ದಿನಚರಿ. ಮಾವ ಬೆಳಿಗ್ಗೆ ಬೊಡ್ಡೆಯ ಮೇಲೆ ಕೂತು, ಅತ್ತೆಯ ಆ ದಿನದ ಸೂಜಿಗಳನ್ನೆಲ್ಲ ಪೋಣಿಸಿ ಕಿಟಕಿಯೊಳಗಿನ ದಿಂಬಿಗೆ ಚುಚ್ಚುತ್ತಾರೆ. ಆಮೇಲೂ ಏಳುವುದಿಲ್ಲ, ಒಳಗಿನ ಕೈ ನೋಡುತ್ತಾ ಕೂರುತ್ತಾರೆ. ಬಿಸಿಲು ಏರಿದ ಹಾಗೆ ಅವರ ನೆರಳು ಬಟ್ಟೆಯ ಮೇಲೆ ಬೀಳುತ್ತದೆ. “ರೀ, ಬೆಳಕಿಗೆ ಅಡ್ಡ ಬಂದ್ರಿ,” ಎನ್ನುತ್ತಾರೆ ಅತ್ತೆ, ತಲೆ ಎತ್ತದೆ. ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ಮಾವ ಪಿಟ್ಟೆನ್ನದೆ ಬೊಡ್ಡೆಯ ಅಂಚಿಗೆ ಸರಿದು ಕೂರುತ್ತಾರೆ.